ಆಟಿಕೆಗೆ ಬೀಗವೇಕೆ?

ನಮ್ಮ ಭಾಷೆಯಲ್ಲಿ ‘ಆಟ’ ಎಂಬ ಮಾತಿನಷ್ಟು ಪಂಕ್ತಿಭೇದಕ್ಕೆ ಗುರಿಯಾದ ಮಾತು ಇನ್ನೊಂದಿರಲಾರದು. ದೇವರು ಆಡಿದರೆ ಅದು ಲೀಲೆ. ಅರಸರು ಆಡಿದರೆ ಅದು ವಿನೋದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೆ 20 ಅಧ್ಯಾಯಗಳು, ಕ್ರೀಡೆಗಳಿಗೆ ಮತ್ತೆ 20 ಅಧ್ಯಾಯಗಳು ಮೀಸಲಾಗಿವೆ. ಉಳ್ಳವರ ಮಕ್ಕಳು ಆಡಿದರೆ ಅದು ಬುದ್ಧಿವಿಕಾಸ. ಅದಕ್ಕೆ ಶುಲ್ಕ ತೆತ್ತು ರಸೀದಿ ಪಡೆಯುವ ತಂದೆತಾಯಿಗಳಿದ್ದಾರೆ. ಬಡವರ ಮಗು ಆಡಿತೆಂದರೆ ಮಾತ್ರ ಅದು ಹುಡುಗಾಟ, ಚೆಲ್ಲಾಟ, ಪುಂಡಾಟ. ಈ ಕಡೆಯ ಪಂಕ್ತಿಯಲ್ಲಿ ಕುಳಿತ ಆಟದ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ.

ಈ ವಿಷಯ ಎತ್ತಿದೊಡನೆ ಬರುವ ಆಕ್ಷೇಪಣೆಯನ್ನು ನಾನು ಬಲ್ಲೆ. “ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವೇ?” ಎಂದು ದೊಡ್ಡವರು ನಗುತ್ತಾರೆ. ಮೊದಲು ಅನ್ನ, ಆಮೇಲೆ ಅಕ್ಷರ, ಅದಾದ ಮೇಲೆ ಅಂಗಿ; ಇವೆಲ್ಲ ಮುಗಿದು ಕಾಸು ಮಿಕ್ಕಿದರೆ ಬೊಂಬೆ ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ತಪ್ಪಿಲ್ಲವೆಂದೇ ತೋರುತ್ತದೆ. ನಮ್ಮ ನಾಡಿನ ಸರ್ಕಾರಿ ಶಾಲೆಗಳಲ್ಲಿ 2002ರಿಂದ ಮೊದಲುಗೊಂಡು ಮಧ್ಯಾಹ್ನದ ಬಿಸಿಯೂಟ ಬಂದಿತು. 2013ರಿಂದ ಹಾಲು ಬಂದಿತು. ಪುಸ್ತಕ, ಸಮವಸ್ತ್ರಗಳು ಬಂದವು. ಇವನ್ನೆಲ್ಲ ತಂದವರಿಗೆ ನಮಸ್ಕಾರ. ಆದರೆ ಸರದಿಯಲ್ಲಿ ಕಡೆಗೆ ನಿಲ್ಲಿಸಿದ ಆಟಿಕೆಯ ಹೆಸರು ಕೂಗುವ ಹೊತ್ತಿಗೆ ಮಗು ದೊಡ್ಡದಾಗಿರುತ್ತದೆ. ಅನ್ನವನ್ನು ನಾಳೆ ಉಣ್ಣಬಹುದು, ಅಕ್ಷರವನ್ನು ಅರುವತ್ತರಲ್ಲಿಯೂ ಕಲಿಯಬಹುದು. ಆರನೆಯ ವಯಸ್ಸಿನ ಆಟವನ್ನು ಆರನೆಯ ವಯಸ್ಸಿನಲ್ಲಿಯೇ ಆಡಬೇಕು.

ಕಾನೂನು ಈ ಮಾತನ್ನು ಮರೆತಿಲ್ಲ. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ವಿರಾಮವೂ ಆಟವೂ ಮಗುವಿನ ಹಕ್ಕೆಂದು ಬರೆದಿದೆ. ಭಾರತವು 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿದೆ. 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ತೆರೆದು ನೋಡಿದರೆ, ಶಾಲೆಗೆ ಆಟದ ಬಯಲು ಇರಬೇಕು, ಪ್ರತಿಯೊಂದು ತರಗತಿಗೂ ಅಗತ್ಯಕ್ಕೆ ತಕ್ಕಷ್ಟು ಆಟದ ಸಾಮಗ್ರಿ ಒದಗಿಸಬೇಕು ಎಂದು ಸ್ಪಷ್ಟವಾಗಿದೆ. 2023ರಲ್ಲಿ ಕೇಂದ್ರ ಸರ್ಕಾರವು 3ರಿಂದ 8 ವರ್ಷದ ಮಕ್ಕಳಿಗೆಂದು ಬೊಂಬೆ, ಒಗಟು, ಚಿತ್ರಪಟಗಳನ್ನು ತುಂಬಿದ ‘ಜಾದೂಯಿ ಪಿಟಾರ’ ಎಂಬ ಮಾಯಾಪೆಟ್ಟಿಗೆಯನ್ನೇ ಹೊರತಂದಿದೆ. ಆದುದರಿಂದ ಕೊರತೆಯಿರುವುದು ಕಾಗದದಲ್ಲಿ ಅಲ್ಲ. ಪೆಟ್ಟಿಗೆಗೆ ಮುಚ್ಚಳವಿರುತ್ತದೆ, ಮುಚ್ಚಳಕ್ಕೆ ಬೀಗವಿರುತ್ತದೆ, ತೊಂದರೆ ಅಲ್ಲಿದೆ.

ಬೀಗದ ಕಥೆಗೆ ಹೋಗುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ಬಡ ಮಕ್ಕಳಿಗೆ ಆಟವೇ ತಿಳಿಯದು, ನಾವು ಹೋಗಿ ಕಲಿಸಬೇಕು ಎಂದು ಪಟ್ಟಣದ ಪರೋಪಕಾರಿಗಳು ಭಾವಿಸುವುದುಂಟು. ಹಾಗೆಂದವರು ಹಳ್ಳಿಯ ಶಾಲೆಯ ಮುಂದೆ ಅರ್ಧ ಗಂಟೆ ನಿಂತವರಲ್ಲ. ಲಗೋರಿಗೆ ಏಳು ಹೆಂಚಿನ ಚೂರು ಸಾಕು. ಕುಂಟೆಬಿಲ್ಲೆಗೆ ಒಂದು ಬಿಲ್ಲೆ, ನೆಲದ ಮೇಲೆ ಎಳೆದ ಗೆರೆ ಸಾಕು. ಚೌಕಾಬಾರಕ್ಕೆ ಹುಣಸೆಯ ಬೀಜವನ್ನು ಒಂದು ಮಗ್ಗುಲು ತೇಯ್ದುಕೊಂಡರೆ ಆಯಿತು. ಉತ್ತರ ಕರ್ನಾಟಕದ ಹುಡುಗರು ಜೋಳದ ದಂಟಿನಲ್ಲಿ ಬಂಡಿ ಕಟ್ಟುವ ಚಾತುರ್ಯವನ್ನು ಯಾವ ಇಂಜಿನಿಯರನಾದರೂ ನಿಂತು ನೋಡಬೇಕು. ಮಣ್ಣೆತ್ತಿನ ಅಮಾವಾಸ್ಯೆಯಂದು ಆ ಕಡೆಯ ಮನೆಮನೆಯಲ್ಲಿಯೂ ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಅಳಗುಳಿ ಮಣೆಯ ಎರಡು ಸಾಲು, ಸಾಲಿಗೆ 7ರಂತೆ 14 ಗುಳಿಗಳ ಮೇಲೆ ಕೈಯಾಡಿಸುತ್ತ ಮುಂದಿನ ಗುಳಿಯ ಲೆಕ್ಕವನ್ನು ಕಣ್ಣಿನಲ್ಲಿಯೇ ಹಾಕುವ ಅಜ್ಜಿಯರು ಶಾಲೆಯ ಮೆಟ್ಟಿಲು ಹತ್ತಿದವರೇನೂ ಅಲ್ಲ. ಆಟದಲ್ಲಿ ನಮ್ಮ ಬಡವರು ಬಡವರಲ್ಲ.

ಹಾಗಾದರೆ ಇಲ್ಲದಿರುವುದೇನು? ಒಂದನೆಯದು ಬಿಡುವಾದ ಕೈ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡೇ ಕುಂಟೆಬಿಲ್ಲೆಯಾಡುವ ಎಂಟು ವರ್ಷದ ಹುಡುಗಿಯನ್ನು ನೀವೂ ನೋಡಿರಬಹುದು. ಒಂದು ಕಾಲೆತ್ತಿ ಹಾರುವಾಗ ಅವಳು ಬಿಲ್ಲೆಯನ್ನು ನೋಡುವುದಿಲ್ಲ, ಕಂಕುಳ ಕೂಸಿನ ತಲೆಯನ್ನು ನೋಡುತ್ತಾಳೆ. ಎರಡನೆಯದು ನೆಲೆ. ಇಟ್ಟಿಗೆ ಗೂಡಿನಿಂದ ಗೂಡಿಗೆ, ಬೆಂಗಳೂರಿನ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ತಂದೆತಾಯಿಗಳ ಹಿಂದೆ ಅಲೆಯುವ ಮಕ್ಕಳಿಗೆ ಜೊತೆಯೂ ಇಲ್ಲ, ಬಯಲೂ ಇಲ್ಲ. ಆಟವನ್ನು ಕಲಿಸಿಕೊಡುವ ದೊಡ್ಡ ಹುಡುಗರ ಗುಂಪೂ ಇಲ್ಲ. ಮೂರನೆಯದು ಸಾಮಾನು. ಓಡುವ, ಹಾರುವ, ಅಡಗುವ ಆಟಗಳಿಗೆ ಕಾಲು ಸಾಕು. ಆದರೆ ಪೇರಿಸಿ ಕಟ್ಟುವ ಮರದ ತುಂಡು, ಹೊಂದಿಸಿ ಕೂಡಿಸುವ ಚಿತ್ರ, ಪೋಣಿಸುವ ಮಣಿ, ಮಲಗಿಸಿ ಜೋಗುಳ ಹಾಡುವ ಬೊಂಬೆ, ಇವು ಒಬ್ಬೊಬ್ಬರೇ ಕುಳಿತು ಕೈಯಿಂದ ಯೋಚಿಸುವ ಆಟಗಳು. ಇವು ದುಡ್ಡಿಲ್ಲದ ಮನೆಗೆ ತಾವಾಗಿ ಬರುವುದಿಲ್ಲ.

ನಮ್ಮ ಸಾಹಿತ್ಯ ಈ ಕೊರತೆಯನ್ನು ಬಹು ಹಿಂದೆಯೇ ಕಂಡಿತ್ತು. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಆ ಹೆಸರು ಬಂದದ್ದೇ ಒಂದು ಆಟಿಕೆಯಿಂದ. ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಂದಿಗೆ ಆಡಿ ಬಂದವನು, ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನೇ ಕಳಚಿ ಆ ಬಂಡಿಯಲ್ಲಿ ತುಂಬುತ್ತಾಳೆ. ಮುಂದೆ ಅದೇ ಒಡವೆ ನ್ಯಾಯಸ್ಥಾನದಲ್ಲಿ ಸಾಕ್ಷಿಯಾಗಿ ಹುಡುಗನ ತಂದೆಯನ್ನು ವಧಾಸ್ಥಾನದವರೆಗೂ ಒಯ್ಯುತ್ತದೆ. ಪ್ರೇಮಚಂದರು 1933ರಲ್ಲಿ ಪ್ರಕಟಿಸಿದ ‘ಈದ್‌ಗಾಹ್’ ಕಥೆಯ ಪುಟ್ಟ ಹಮೀದನಾದರೋ ಜಾತ್ರೆಯ ಬೊಂಬೆಗಳನ್ನೆಲ್ಲ ಬಿಟ್ಟು, ತನ್ನಲ್ಲಿದ್ದ ಮೂರು ಪೈಸೆಗೆ ಅಜ್ಜಿಯ ಕೈ ಸುಡದಿರಲೆಂದು ಇಕ್ಕಳವನ್ನು ಕೊಂಡು ತರುತ್ತಾನೆ. ಓದಿದವರೆಲ್ಲ ಹಮೀದನನ್ನು ಮೆಚ್ಚಿದ್ದಾರೆ, ನಾನೂ ಮೆಚ್ಚಿದ್ದೇನೆ. ಆದರೆ ಅಜ್ಜಿಯು ಅಲ್ಲಿ ಅತ್ತದ್ದನ್ನು ನಾವು ಮರೆಯಬಾರದು. ಕೂಸೊಂದು ಮುದುಕನ ವಿವೇಕವನ್ನು ತೋರಿದಾಗ ಹಿರಿಯರಿಗೆ ಹೆಮ್ಮೆಯೊಡನೆ ಸಂಕಟವೂ ಆಗಬೇಕು. ಬಡ ಮಕ್ಕಳ ತಾಳ್ಮೆಯನ್ನು ಹೊಗಳುವುದರಲ್ಲಿ ನಮಗೊಂದು ಅನುಕೂಲವಿದೆ: ಹೊಗಳಿಕೆಗೆ ಖರ್ಚಿಲ್ಲ.

ಇನ್ನು ಬೀಗದ ಕಥೆ. ನಾವು ಕೆಲವರು ನಿವೃತ್ತ ಗೆಳೆಯರು ಸೇರಿ, ಮೈಸೂರು ಸೀಮೆಯ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಚನ್ನಪಟ್ಟಣದ ಆಟಿಕೆಗಳನ್ನು ಕೊಟ್ಟೆವು. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗನ್ನು ಒತ್ತಿ, ಆ ಬಿಸಿಯಲ್ಲಿಯೇ ಮರಕ್ಕೆ ಹಿಡಿಸಿ, ಓಲೆಯಿಂದ ಉಜ್ಜಿ ಹೊಳಪು ತರುವ ಆ ಕಸಬಿನ ಸಾಮಾನು ಕೈಗೆ ನುಣುಪು, ಮೂಲೆಗಳು ದುಂಡು. ಗೂಟಕ್ಕೆ ಪೇರಿಸುವ ಬಣ್ಣದ ಉಂಗುರಗಳು, ಬುಗುರಿಗಳು, ದಾರ ಕಟ್ಟಿ ಎಳೆಯುವ ಬಂಡಿಗಳು, ಮರದ ತುಂಡುಗಳ ಚೀಲ, ಪೋಣಿಸುವ ಮಣಿ, ಇಷ್ಟು. ಆರು ತಿಂಗಳ ಮೇಲೆ ಆ ಕಡೆ ಹೋಗುವ ಸಂದರ್ಭ ಬಂದಾಗ ಶಾಲೆಯನ್ನು ಹೊಕ್ಕೆ. ಮುಖ್ಯೋಪಾಧ್ಯಾಯರು ಬಹಳ ಆದರದಿಂದ ಬರಮಾಡಿಕೊಂಡು, ಸೊಂಟದ ಬೀಗದಕೈಯಿಂದ ಬೀರುವನ್ನು ತೆರೆದರು. “ನೋಡಿ ಸಾರ್, ನೀವು ಕೊಟ್ಟ ಒಂದು ಸಾಮಾನೂ ಹಾಳಾಗಿಲ್ಲ. ಬೇಕಾದರೆ ಎಣಿಸಿಕೊಳ್ಳಿ” ಎಂದರು. ನಿಜ. ಎಲ್ಲವೂ ಬಂದ ದಿನದಂತೆಯೇ ಹೊಳೆಯುತ್ತಿದ್ದವು. ಬಂಡಿಗಳ ಚಕ್ರಕ್ಕೆ ಮಣ್ಣು ಸೋಕಿರಲಿಲ್ಲ.

ಅವರು ಕೆಟ್ಟವರಲ್ಲ. ಮಕ್ಕಳ ಹೆಸರು, ಮನೆ, ತಂದೆಯ ಕಸಬು ಎಲ್ಲವನ್ನೂ ಬಲ್ಲವರು. ನನ್ನ ಮುಖ ಸಪ್ಪಗಾದುದನ್ನು ಕಂಡು ತಾವೇ ವಿವರಿಸಿದರು: “ನಮಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೇ ಸಾರ್? ಆದರೆ ಇವು ದಾಸ್ತಾನು ವಹಿಯಲ್ಲಿ ಕುರ್ಚಿ, ಮೇಜು, ಗ್ಲೋಬಿನ ಸಾಲಿನಲ್ಲಿ ದಾಖಲಾಗಿವೆ. ನಾಳೆ ನನಗೆ ವರ್ಗವಾದರೆ ಬರುವವರಿಗೆ ಎಣಿಸಿ ಒಪ್ಪಿಸಬೇಕು. ಒಂದು ಚಕ್ರ ಕಡಿಮೆ ಬಿದ್ದರೆ ಯಾರ ಹತ್ತಿರ ಹೋಗಿ ಕೇಳಲಿ?”

ಬಾಗಿಲ ಬಳಿ ನಿಂತಿದ್ದ, ಒಂದನೆಯ ತರಗತಿಯ ತರುಣ ಉಪಾಧ್ಯಾಯಿನಿ ಮೆಲ್ಲನೆ ಕೇಳಿದರು: “ಸಾರ್, ಸೀಮೆಸುಣ್ಣದ ಲೆಕ್ಕ ಹೇಗೆ ಬರೀತೀವಿ?”

“ಅದು ಖರ್ಚಾಗೋ ಸಾಮಾನಮ್ಮ. ತಿಂಗಳಿಗೆ ಇಷ್ಟು ಡಬ್ಬಿ ಖರ್ಚು ಅಂತ ಬರೆದರೆ ಮುಗೀತು.”

“ಹಾಗಾದರೆ ಇವನ್ನೂ ಅದೇ ಪುಟದಲ್ಲಿ ಬರೆದುಬಿಡೋಣ ಸಾರ್.”

ಮುಖ್ಯೋಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕುಬಿಟ್ಟರು. ನನ್ನಿಂದ ಒಂದು ಕಾಗದ ಬರೆಸಿಕೊಂಡರು: ‘ಈ ಸಾಮಗ್ರಿಯನ್ನು ಮಕ್ಕಳು ದಿನವೂ ಬಳಸಲೆಂದು ಕೊಟ್ಟಿದ್ದೇವೆ, ಬಳಸಿ ಸವೆದರೆ, ಮುರಿದರೆ, ಕಳೆದರೆ ನಮ್ಮ ಆಕ್ಷೇಪಣೆಯಿಲ್ಲ.’ ಅದಕ್ಕೆ ಸಹಿ ಹಾಕಿಸಿ ಕಡತದಲ್ಲಿ ಇಟ್ಟುಕೊಂಡರು. ಆ ಎರಡು ಸಾಲಿನ ಕಾಗದವು ಆಟಿಕೆಗಳಿಗಿಂತ ಬೆಲೆಯುಳ್ಳ ಕೊಡುಗೆಯಾಯಿತೆಂದು ಈಗ ಅನಿಸುತ್ತದೆ. ದಾನ ಕೊಡುವವರೆಲ್ಲರೂ ಆಟಿಕೆಯ ಜೊತೆಗೆ ಅಂತಹದೊಂದು ಕಾಗದವನ್ನೂ ಕೊಡುವುದು ಒಳ್ಳೆಯದು.

ಬೀರು ತೆರೆದ ಮಾತ್ರಕ್ಕೆ ಆಟ ಆರಂಭವಾಗಲಿಲ್ಲ. ಮುಂದಿನದನ್ನು ಆ ಉಪಾಧ್ಯಾಯಿನಿಯೇ ನನಗೆ ಹೇಳಿದರು. ಮೊದಲ ದಿನ ಮಕ್ಕಳು ಚಾಪೆಯ ಸುತ್ತ ಕೈ ಕಟ್ಟಿ ನಿಂತರಂತೆ. “ಮುಟ್ಟಬಹುದಾ ಮಿಸ್?” ಎಂದು ಒಬ್ಬಳು ಕೇಳಿದಳು. ಮುಟ್ಟಿದವರು ಮುಟ್ಟಿ ನೋಡಿ ಮತ್ತೆ ಇದ್ದ ಜಾಗದಲ್ಲಿಯೇ ಇಟ್ಟರು. ಎರಡನೆಯ ದಿನ ತುಂಡುಗಳನ್ನು ಬಣ್ಣಬಣ್ಣವಾಗಿ ಸಾಲು ಜೋಡಿಸಿದರು; ಅದು ಆಟವಲ್ಲ, ಅಂಗಡಿಯ ಸಾಲು. ಇವರು ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತು ತಾವೂ ಒಂದು ಗೋಪುರ ಕಟ್ಟಿ, ತಾವೇ ಅದನ್ನು ಧಡಾರನೆ ಕೆಡವಿದರಂತೆ. ಆಗ ಎದ್ದ ನಗೆಯಲ್ಲಿ ಕೈಗಳು ಬಿಚ್ಚಿಕೊಂಡವು. ಒಂದು ವಾರದೊಳಗೆ ಆ ತುಂಡುಗಳಿಂದ ಕೆರೆಯ ಏರಿ, ಸಂತೆಯ ಮಾಳ, ಬಸ್ಸು ನಿಲ್ದಾಣ, ಮಾರಿಗುಡಿಗಳೆಲ್ಲ ಆದವು. ವರ್ಷದ ಮೊದಲಿನಿಂದ ಬಾಯಿ ಬಿಡದಿದ್ದ ಒಬ್ಬ ಹುಡುಗ ಬಸ್ಸಿನ ಕಂಡಕ್ಟರನಾಗಿ ಊರುಗಳ ಹೆಸರನ್ನು ಒಂದೇ ಉಸಿರಿಗೆ ಕೂಗಿದ.

ಮೂರನೆಯ ವಾರ ಆ ಕಂಡಕ್ಟರನೇ ಶಾಲೆಗೆ ಬರಲಿಲ್ಲ. ಒಂದು ದಿನ, ಎರಡು ದಿನ. ಮೂರನೆಯ ದಿನ ಅವನ ತಾಯಿ ಬಂದರು. ಕೂಲಿಗೆ ಹೊರಟವರು, ಕೈಯಲ್ಲಿ ಕುಡುಗೋಲಿತ್ತು. ಬಾಗಿಲಲ್ಲಿಯೇ ನಿಂತು ಸೆರಗಿನ ಗಂಟು ಬಿಚ್ಚಿ ಮಡಿಸಿದ ಐವತ್ತು ರೂಪಾಯಿಯ ನೋಟನ್ನು ಚಾಚಿದರು. “ಮಿಸ್ಸೋರೆ, ನಮ್ಮ ಹುಡ್ಗ ಬಂಡಿ ಚಕ್ರ ಮುರ್ದಾಕವ್ನಂತೆ. ಹೊಡೀತಾರೆ ಅಂತ ಹೆದ್ರಕೊಂಡು ಕುಂತವ್ನೆ. ಎಷ್ಟಾಯ್ತದೆ ಹೇಳ್ಬುಡಿ, ಸಾಲ್ದಿದ್ರೆ ಶನಿವಾರ ಕೊಡ್ತೀನಿ.” ಉಪಾಧ್ಯಾಯಿನಿಗೆ ಮಾತು ಹೊರಡಲಿಲ್ಲ. ಒಳಗಿನಿಂದ ಮುಖ್ಯೋಪಾಧ್ಯಾಯರೇ ಎದ್ದು ಬಂದು, “ಸೀಮೆಸುಣ್ಣ ಮುಗಿದರೆ ನಿಮ್ಮನ್ನು ದುಡ್ಡು ಕೇಳ್ತೀವೇನಮ್ಮ? ಇದೂ ಹಾಗೇ. ಮೊದಲು ಹುಡುಗನ್ನ ಕಳಿಸಿ, ಚಕ್ರ ಅವನೇ ಕೂರಿಸಲಿ” ಎಂದರಂತೆ. ಹುಡುಗ ಬಂದ. ಬಿದಿರಿನ ಕಡ್ಡಿ ಸೀಳಿ ಅಚ್ಚು ಮಾಡಿ ಗೋಂದು ಹಚ್ಚಿ ಚಕ್ರ ಕೂರಿಸಿದ. ಅಂದಿನಿಂದ ಆ ತರಗತಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಂದು ಆಟಿಕೆಗಳ ಆಸ್ಪತ್ರೆಯಾಗಿದೆ, ವೈದ್ಯನಾರೆಂದು ಹೇಳಬೇಕಾಗಿಲ್ಲ.

ಆ ಐವತ್ತು ರೂಪಾಯಿಯ ನೋಟು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಉಳ್ಳವರ ಮನೆಯಲ್ಲಿ ಆಟಿಕೆ ಮುರಿಯುವುದು ಒಂದು ದಿನದ ಅಳು. ಇಲ್ಲದವರ ಮನೆಯಲ್ಲಿ ಅದು ಒಂದು ಸಾಲ, ಒಂದು ಅವಮಾನ, ಕೆಲವೊಮ್ಮೆ ಶಾಲೆಯನ್ನೇ ಬಿಡುವುದಕ್ಕೆ ಕಾರಣ. ಆದುದರಿಂದ ಬಡ ಮಗುವಿಗೆ ಆಟಿಕೆಯನ್ನು ಕೊಟ್ಟರೆ ಸಾಲದು. ಅದನ್ನು ನಿರ್ಭಯವಾಗಿ ಮುರಿಯುವ ಸ್ವಾತಂತ್ರ್ಯವನ್ನೂ ಕೊಡಬೇಕು. ಆ ಸ್ವಾತಂತ್ರ್ಯವಿಲ್ಲದ ಆಟಿಕೆ ಮಗುವಿಗೆ ಹೊರಿಸಿದ ಇನ್ನೊಂದು ಹೊಣೆ. ಕಂಕುಳಲ್ಲಿರುವ ಕೂಸಿನ ಜೊತೆಗೆ ಇನ್ನೊಂದು ಕೂಸು.

ಆಡಿ ಏನು ಬಂತು, ಅಂಕವೆಷ್ಟು ಹೆಚ್ಚಿತು ಎಂದು ಲೆಕ್ಕ ಕೇಳುವವರಿದ್ದಾರೆ. ಅವರಿಗೆಂದು ದೂರದ ಒಂದು ನಿದರ್ಶನವನ್ನು ಹೇಳುತ್ತೇನೆ. ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿಕೊಂಡರು. ಎರಡು ವರ್ಷದೊಳಗಿನ ಎಳೆಯರು. ಕೆಲವರಿಗೆ ಪೌಷ್ಟಿಕ ಆಹಾರ ಕೊಟ್ಟರು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಂದು ಗಂಟೆ ಹೋಗಿ, ಮನೆಯ ಹಳೆಯ ಡಬ್ಬಿ, ರಟ್ಟುಗಳಿಂದ ಮಾಡಿದ ಆಟಿಕೆಗಳೊಡನೆ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ತೋರಿಸಿದರು. ಕೆಲವರಿಗೆ ಎರಡೂ ದೊರೆತವು, ಕೆಲವರಿಗೆ ಎರಡೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು. ಆ ಮಕ್ಕಳು ಇಪ್ಪತ್ತು ದಾಟಿ ದುಡಿಯತೊಡಗಿದ ಮೇಲೆ ವಿಚಾರಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಆಡಿ ಬೆಳೆದವರ ಸಂಪಾದನೆ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಇದರಿಂದ ಅನ್ನ ಬೇಡವೆಂದು ಅರ್ಥವಲ್ಲ. ಅನ್ನದ ಸಾಲಿನಲ್ಲಿಯೇ ಆಟಕ್ಕೂ ಎಲೆ ಹಾಕಬೇಕೆಂದು ಅರ್ಥ. ಇನ್ನೊಂದನ್ನೂ ಗಮನಿಸಬೇಕು: ಅಲ್ಲಿ ಫಲ ಕೊಟ್ಟದ್ದು ಡಬ್ಬಿಯಲ್ಲ, ಡಬ್ಬಿಯನ್ನು ಹಿಡಿದು ಮಗುವಿನೆದುರು ಕುಳಿತು ಮಾತನಾಡಿದ ತಾಯಿ. ನಮ್ಮ ಉಪಾಧ್ಯಾಯಿನಿ ಚಾಪೆಯ ಮೇಲೆ ಕುಳಿತು ಗೋಪುರ ಕೆಡವಿದ್ದೂ ಅದೇ ಕೆಲಸ.

ನಮ್ಮ ದೇಶದಲ್ಲಿಯೇ ಈ ದಾರಿಯನ್ನು ತೋರಿದವರು ಇಲ್ಲದಿಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿಯೇ ಬಾಲಮಂದಿರವನ್ನು ತೆರೆದು ಆಟ, ಕಥೆಗಳನ್ನು ಪಾಠದ ನಡುಮನೆಗೆ ಕರೆತಂದರು. ಕಾನ್ಪುರದ ಐ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಓದಿದ ಅರವಿಂದ ಗುಪ್ತರು ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳ ವಿಜ್ಞಾನ ಬೋಧನೆಯ ಪ್ರಯೋಗದಲ್ಲಿ ಪಾಲ್ಗೊಂಡು, ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ, ಘನಾಕೃತಿಗಳನ್ನು ಕಟ್ಟುವ ಆಟವನ್ನು ರೂಪಿಸಿದರು. ಕಸದಿಂದ ಆಟಿಕೆ ಮಾಡುವ ಆ ವಿದ್ಯೆಗಾಗಿಯೇ ಬದುಕನ್ನು ಸವೆಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ‘ನಲಿ-ಕಲಿ’ಯ ಹೆಸರಿನಲ್ಲಿಯೇ ನಲಿವು ಮೊದಲು, ಕಲಿಕೆ ಆಮೇಲೆ. ಈ ಕ್ರಮವು ಹೆಸರಿನಲ್ಲಿರುವಂತೆ ತರಗತಿಯಲ್ಲಿಯೂ ಉಳಿಯಬೇಕು.

ಆಟಿಕೆ ಕೊಡಬೇಕೆಂಬ ಮನಸ್ಸುಳ್ಳವರಿಗೆ ಕೆಲವು ವಿನಂತಿಗಳುಂಟು. ಮನೆಯಲ್ಲಿ ಕೈಕಾಲು ಮುರಿದು ಬಿದ್ದ ಬೊಂಬೆಗಳನ್ನೂ, ಎರಡು ತುಂಡು ಕಳೆದುಹೋದ ಚಿತ್ರದ ಒಗಟನ್ನೂ ಮೂಟೆ ಕಟ್ಟಿ ದಾನವೆಂದು ಕಳುಹಿಸಬೇಡಿ. ಎಷ್ಟು ಯತ್ನಿಸಿದರೂ ಪೂರ್ಣವಾಗದ ಒಗಟು, ತನಗೆ ಬುದ್ಧಿಯಿಲ್ಲವೆಂಬುದನ್ನು ಮಗುವಿಗೆ ಕಲಿಸುತ್ತದೆ. ಹೊನ್ನಿನ ಕೂದಲಿನ ಬಿಳಿಯ ಬೊಂಬೆಯೇ ಚೆಲುವಿನ ಕೊನೆಯೆಂಬಂತೆ ಅದೊಂದನ್ನೇ ಕೊಡಬೇಡಿ. ಒಬ್ಬರ ಕೈಯಲ್ಲಿಯೇ ಉಳಿಯುವ ದುಬಾರಿಯ ಯಂತ್ರಕ್ಕಿಂತ, ನಾಲ್ವರು ಸೇರಿ ಆಡುವ ನಾಲ್ಕು ಚೆಂಡು ಮೇಲು. ಕೊಡುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಸಬೇಡಿ. ಆಟಿಕೆಯನ್ನು ಎದೆಗವಚಿ ನಗು ಎಂದರೆ ಬರುವುದು ನಗುವಲ್ಲ. ಸಾಧ್ಯವಾದರೆ ಊರಿನ ಅಜ್ಜಿಯೊಬ್ಬರನ್ನು ಅಳಗುಳಿ ಮಣೆಯೊಡನೆ ಶಾಲೆಗೆ ಕರೆತನ್ನಿ. ಆಟಿಕೆ ಹೊರಗಿನಿಂದ ಬಂದರೂ ಆಟ ಊರಿನದೇ ಆಗಲಿ. ಶನಿವಾರ ಮಕ್ಕಳು ಒಂದೊಂದು ಆಟಿಕೆಯನ್ನು ಪುಸ್ತಕ ಭಂಡಾರದಂತೆ ಮನೆಗೆ ಒಯ್ದು ಸೋಮವಾರ ತರುವ ಪದ್ಧತಿಯಿಟ್ಟರೆ, ಕಂಕುಳಿನ ತಮ್ಮನಿಗೂ ಪಾಲು ಸಿಗುತ್ತದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1935ರ ಆರ್ಥಿಕ ದುರ್ಭಿಕ್ಷದ ಕಾಲದಲ್ಲಿಯೇ ಇಂತಹ ಆಟಿಕೆಯ ಎರವಲು ಭಂಡಾರ ನಡೆಯುತ್ತಿತ್ತು. ಬಡತನದ ದಿನಗಳಲ್ಲಿ ಹುಟ್ಟಿದ ಉಪಾಯವು ಬಡತನಕ್ಕೆ ಒಗ್ಗದಿರಲಾರದು.

ನಿಮ್ಮೂರಿನ ಶಾಲೆಗೆ ಹೋದಾಗ ಬೀರುವಿನಲ್ಲಿ ಆಟಿಕೆಗಳು ಎಷ್ಟಿವೆ ಎಂದು ಕೇಳಬೇಡಿ. ಈ ವರ್ಷ ಎಷ್ಟು ಮುರಿದವು ಎಂದು ಕೇಳಿ. ‘ಒಂದೂ ಇಲ್ಲ’ ಎಂಬ ಉತ್ತರ ಬಂದರೆ ಸಂತೋಷಪಡಬೇಡಿ. ಮುರಿದವುಗಳನ್ನು ತೋರಿಸಿದರೆ ಹೊಸವನ್ನು ತಂದುಕೊಡಿ. ಜೊತೆಗೆ ಆ ಎರಡು ಸಾಲಿನ ಕಾಗದವನ್ನೂ.